ಕಡಪ ಕಲ್ಲಿನ ಮೇಲೆ ಮಲಗುವ ಬೆಳಕು

ನಗರದ ಅಂಚಿನ ಶ್ರೀಗಂಧದ ಕಾವಲಿನಲ್ಲಿ ಬೆಳಗಾಗುವುದು ಸ್ವಲ್ಪ ನಿಧಾನವೇ. ಅರ್ಧ ಕಟ್ಟಿದ ಮನೆಗಳ ನಡುವೆ ಮಂಜು ಹೋಗಲೋ ಬೇಡವೋ ಎಂದು ನಿಂತಿದೆ. ಅದರೊಳಗಿಂದ ಒಬ್ಬೊಬ್ಬರಾಗಿ ವಾಚ್‌ಮನ್‌ಗಳು ಬರುತ್ತಾರೆ, ತಲೆಗೆ ಮಫ್ಲರ್ ಸುತ್ತಿ, ಕಂಕುಳಲ್ಲಿ ಬ್ಯಾಟ್ರಿ ಇಟ್ಟುಕೊಂಡು. ನಾವು ಪತ್ರಿಕೆಯವರು ಟಾರ್ಚ್ ಎಂದು ಬರೆಯುವುದಕ್ಕೆ ಇಲ್ಲಿ ಬ್ಯಾಟ್ರಿ ಎಂದೇ ಹೆಸರು, ಅದರ ಹೊಟ್ಟೆಯಲ್ಲಿರುವುದು ಸೆಲ್. ಎಲ್ಲರೂ ಬಂದು ನಿಲ್ಲುವುದು ಒಂದು ನೀಲಿ ಪೆಟ್ಟಿಗೆ ಅಂಗಡಿಯ ಮುಂದೆ.

ಒಳಗೆ ಕೂತಿರುವವರು ಲಿಂಗಮ್ಮ. ಐವತ್ತರ ಆಸುಪಾಸಿನ ಹೆಂಗಸು, ಹಣೆಯ ತುಂಬ ವಿಭೂತಿ. ಬ್ಯಾಟ್ರಿ ಕೈಗೆ ಬಂದೊಡನೆ ಸೆಲ್ ಹೊರತೆಗೆದು ಕೆನ್ನೆಗೆ ಒತ್ತಿಕೊಳ್ಳುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಬೆಚ್ಚಗಿದ್ದರೆ ಅದು ಪಕ್ಕಕ್ಕೆ ಹೋಗುತ್ತದೆ.

"ದುಡಿದು ಬಂದೋರು ಕೈಕಾಲು ತೊಳ್ಕೊಂಡು ಸ್ವಲ್ಪ ಕೂತ್ಕೋಬೇಕು ತಾನೆ ಸಾರ್? ಆಮೇಲೆ ಊಟ. ಇದಕ್ಕೂ ಅಷ್ಟೇ. ಮೈ ಬಿಸಿ ಇರೋವಾಗ ಚಾರ್ಜಿಗೆ ಹಾಕ್ಬಾರ್ದು."

ತಣ್ಣಗಾದ ಸೆಲ್‌ಗಳು ಕಡಪ ಕಲ್ಲಿನ ಮೇಲೆ ಸಾಲಾಗಿ ಇಟ್ಟ ಚಾರ್ಜರ್‌ಗಳಿಗೆ ಹೋಗುತ್ತವೆ. ಕಲ್ಲಿನ ಹತ್ತಿರ ಬಟ್ಟೆ, ಕಾಗದ ಏನೂ ಸುಳಿಯುವಂತಿಲ್ಲ. ನನ್ನ ಕೈಲಿದ್ದ ಪೇಪರನ್ನೂ ಹೊರಗೆ ಇಡಿಸಿದರು. ಕೆಂಪು ದೀಪ ಹಸಿರಾದ ತಕ್ಷಣ ಸೆಲ್ ಹೊರಗೆ. ಕೆಂಪು ಉರಿಯುತ್ತಿರುವಷ್ಟು ಹೊತ್ತೂ ಲಿಂಗಮ್ಮ ಕೂತ ಜಾಗ ಬಿಟ್ಟು ಏಳುವುದಿಲ್ಲ, ಕರೆಂಟ್ ಹೋದರೆ ಬರುವವರೆಗೂ ಕಾಯುತ್ತಾರೆ. ಅಂಗಡಿ ಮುಚ್ಚಿದ ಮೇಲೆ ಒಂದು ಚಾರ್ಜರ್ ಕೂಡ ಪ್ಲಗ್ಗಿನಲ್ಲಿ ಇರಕೂಡದು. ಆ ಸಣ್ಣ ಕೆಂಪು ದೀಪಗಳನ್ನೇ ನೋಡುತ್ತ ಕೂತರೆ ನನಗೆ ಜೋಂಪು ಹತ್ತುತ್ತದೆ. ನಿನ್ನೆ ರಾತ್ರಿ ಬೀದಿ ಬೀದಿ ಅಲೆದ ಬೆಳಕೆಲ್ಲ ಈಗ ಇಲ್ಲಿ ಮಲಗಿ ಉಸಿರಾಡುತ್ತಿದೆ ಅನ್ನಿಸುತ್ತದೆ. ಹಾಗೆ ಹೇಳಿದರೆ ಲಿಂಗಮ್ಮ ನಕ್ಕು, "ನೀವು ಬೆಳಿಗ್ಗೆ ಕಾಫಿ ಕುಡ್ದಿಲ್ಲ ಅನ್ಸುತ್ತೆ" ಅನ್ನುತ್ತಾರೆ.

ಕೊಟ್ಟೂರಿನ ಕಡೆಯಿಂದ ಮದುವೆಯಾಗಿ ಬಂದವರು. ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಬ್ಯಾಟ್ರಿ ಜೋಡಿಸುವ ಮೇಜಿನ ಕೊನೆಯಲ್ಲಿ ಕೂತು ವರ್ಷಗಟ್ಟಲೆ ಸೆಲ್ ಪರೀಕ್ಷೆ ಮಾಡಿದರು. ಚೀನಾದ ಮಾಲು ಬಂದು ಕಾರ್ಖಾನೆ ಬಾಗಿಲು ಹಾಕಿತು. ಅದೇ ಚೀನಾದ ರೀಚಾರ್ಜ್ ಬ್ಯಾಟ್ರಿಗಳು ಈಗ ಅವರ ಅನ್ನ. ಪಕ್ಕದ ವಿಜಯನಗರದಲ್ಲಿ ಮೆಟ್ರೋ ಕಂಬಗಳಿಗೆ ಗುಂಡಿ ತೋಡುತ್ತಿರುವ ಈ ದಿನಗಳಲ್ಲೂ ಕಾವಲಿನ ಹೊಸ ಬಡಾವಣೆಗೆ ಬೀದಿದೀಪ ಬಂದಿಲ್ಲ. ಎರಡು ಸೆಲ್ ಹಿಡಿಯುವ ಬ್ಯಾಟ್ರಿಗಳ ಸೆಲ್‌ಗಳಿಗೆ ಅವರು ಉಗುರುಬಣ್ಣದ ಚುಕ್ಕೆ ಇಡುತ್ತಾರೆ: ಗುಲಾಬಿಗೆ ಗುಲಾಬಿ ಜೋಡಿ, ನೇರಳೆಗೆ ನೇರಳೆ. ಹಳೆಯದನ್ನು ಹೊಸದರ ಜೊತೆ, ತುಂಬಿದ್ದನ್ನು ಖಾಲಿಯ ಜೊತೆ ಸೇರಿಸಿದರೆ ಒಂದು ಇನ್ನೊಂದನ್ನು ಹಾಳು ಮಾಡುತ್ತದಂತೆ. "ಜೋಡಿ ತಪ್ಪಿಸಿದ್ರೆ ಸಂಸಾರ ಕೆಟ್ಟ ಹಾಗೆ" ಎಂದು ವಿವರಣೆ.

ಅವರ ನಿಜವಾದ ಕಷ್ಟ ಸೆಲ್‌ಗಳದಲ್ಲ, ನಮ್ಮ ಹಳೆಯ ಅಭ್ಯಾಸಗಳದು. ಮುಗಿದುಹೋದ ಸೆಲ್ಲನ್ನು ಬಿಸಿಲಿಗಿಟ್ಟು, ಕಲ್ಲಿನಿಂದ ಕುಟ್ಟಿ, ಹಲ್ಲಿನಿಂದ ಕಚ್ಚಿ ಇನ್ನೆರಡು ದಿನ ದುಡಿಸಿದವರಲ್ಲವೇ ನಾವೆಲ್ಲ? ರೇಡಿಯೋ ಸೆಲ್‌ಗೆ ನಡೆದದ್ದು ಈ ಲಿಥಿಯಂ ಸೆಲ್‌ಗೆ ನಡೆಯುವುದಿಲ್ಲ, ಬೆಂಕಿಯೇ ಹತ್ತಬಹುದು. ಕಳೆದ ಬೇಸಿಗೆಯಲ್ಲಿ ಒಂದು ಮೋಟುಗೋಡೆಯ ಮೇಲೆ ಕೆಂಪು ಮೆಣಸಿನಕಾಯಿಯ ಜೊತೆ ಎರಡು ಸೆಲ್ ಒಣಗುತ್ತಿದ್ದುದನ್ನು ಕಂಡು ಲಿಂಗಮ್ಮನ ಎದೆ ಝಲ್ಲೆಂದಿತ್ತು. ಮೆಣಸಿನಕಾಯಿ ಪಾರವ್ವನದು, ಸೆಲ್ ಅವರ ಗಂಡ, ಸಿಂಧನೂರು ಕಡೆಯ ಮುದಿ ವಾಚ್‌ಮನ್ ಉಗ್ರಪ್ಪನವರದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಸುಡುವ ಮೊದಲೇ ಹೋಗಲಿ ಎಂಬುದು ಲಿಂಗಮ್ಮನ ಆಸೆ.

ಆ ಉಗ್ರಪ್ಪನವರೇ ಈಗ ಬಂದು ನಿಂತಿದ್ದಾರೆ. ಲಿಂಗಮ್ಮ ಅವರ ಸೆಲ್ ತೆಗೆದು ನೋಡುತ್ತಾರೆ. ನಡುವಿನಲ್ಲಿ ನೆಗ್ಗಿದೆ, ಮೇಲಿನ ಪ್ಲಾಸ್ಟಿಕ್ ಹರಿದಿದೆ.

"ಏನ್ ಮಾಡಿದ್ರಿ ಅಣ್ಣ ಇದಕ್ಕೆ?"

"ಮಬ್ಬ ಉರೀತಿತ್ತು ತಂಗಿ. ಕಲ್ಲೀಲೆ ಒಂದೆರಡು ಏಟು ಹಾಕಿದೆ."

"ಇದನ್ನ ನಾನು ಚಾರ್ಜಿಗೆ ಹಾಕಲ್ಲ. ವಾಪಸ್ಸೂ ಕೊಡಲ್ಲ."

ಉಗ್ರಪ್ಪ ಸಿಡುಕುತ್ತಾರೆ. "ಇವತ್ತ ಅಮಾಸಿ ಐತಿ. ನೀರಿನ ಸಂಪೆಲ್ಲಾ ಬಾಯಿ ತಕ್ಕೊಂಡು ಕುಂತಾವ, ಬ್ಯಾಟ್ರಿ ಇಲ್ದ ಹ್ಯಾಂಗ ತಿರಗಲಿ? ಕೊಡಿಲ್ಲಿ, ಶೆಡ್ಡಿನ್ಯಾಗ ನಾನ ಹಾಕ್ಕೊಂತೀನಿ."

"ಆ ಶೆಡ್ಡಲ್ಲೇ ಪಾರವ್ವಕ್ಕ ಮಲಗೋದಲ್ವಾ? ಪಕ್ಕದಲ್ಲಿ ಪ್ಲೈವುಡ್ಡು, ಥಿನ್ನರ್ ಡಬ್ಬ. ಹೊರಗೆ ನೆಗ್ಗಿದ್ರೆ ಒಳಗೆ ಏನಾಗಿದ್ಯೋ ಯಾರಿಗ್ ಗೊತ್ತು. ಹತ್ಕೊಂಡ್ರೆ?"

"ನನ್ನ ಸೆಲ್ ಇಟ್ಕೊಳ್ಳಾಕ ನೀ ಯಾರ?" ಎಂದು ಮುದುಕರು ಎದುರಿನ ಜಲ್ಲಿ ರಾಶಿಯ ಮೇಲೆ ನಮಗೆ ಬೆನ್ನು ಹಾಕಿ ಕೂರುತ್ತಾರೆ. ಲಿಂಗಮ್ಮ ಸೆಲ್ಲಿನ ಎರಡೂ ತುದಿಗೆ ಟೇಪ್ ಹಚ್ಚಿ, ಚಾರ್ಜರ್‌ಗಳ ಸ್ವಿಚ್ ಆರಿಸಿ, ಅಂಗಡಿಯಿಂದ ದೂರ ಬಯಲಿನಲ್ಲಿಟ್ಟ ಮರಳಿನ ಮಡಕೆಯಲ್ಲಿ ಹೂಳುತ್ತಾರೆ. ಕಸಕ್ಕೆ ಹಾಕುವಂತಿಲ್ಲ, ಬೆಳಗಾದರೆ ಇಲ್ಲಿ ಕಸಕ್ಕೆ ಬೆಂಕಿ ಹಚ್ಚುತ್ತಾರೆ. ಹಳೆಯ ಕಾರ್ಖಾನೆಯ ಸೂಪರ್‌ವೈಸರ್ ರೇವಣಸಿದ್ದಯ್ಯನವರು ಬಂದಾಗ ಇಂಥವನ್ನೆಲ್ಲ ವಿಲೇವಾರಿ ಮಾಡುವ ಜಾಗಕ್ಕೆ ಒಯ್ಯುತ್ತಾರೆ.

ಬಿಸಿಲು ಏರುತ್ತದೆ, ಇಳಿಯುತ್ತದೆ. ಅಂಗಡಿಯ ಮೊಳೆಗೆ ಒಂದು ಸ್ಟೀಲ್ ಬ್ಯಾಟ್ರಿ ತೂಗುತ್ತಿದೆ. ಕಾರ್ಖಾನೆ ಮುಚ್ಚಿದ ದಿನ ಜೊತೆಯ ಹೆಂಗಸರು ಸೇರಿ ಕೊಟ್ಟದ್ದು. ಸಂಜೆ ನೀಲಗಿರಿ ತೋಪಿನ ಪಕ್ಕದ ಕಚ್ಚಾ ದಾರಿಯಲ್ಲಿ ಮನೆಗೆ ಹೋಗಲು ಲಿಂಗಮ್ಮನಿಗೆ ಅದೇ ದಿಕ್ಕು, ಕತ್ತಲಾದರೆ ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಮಧ್ಯಾಹ್ನ ಕೂತಲ್ಲಿಂದಲೇ ಕೈಚಾಚಿ ಅದರ ಸೆಲ್ ತೆಗೆದು, ಕೆನ್ನೆಗೆ ಒತ್ತಿ ನೋಡಿ, ಚಾರ್ಜಿಗೆ ಹಾಕಿದ್ದನ್ನು ನಾನು ಕಂಡಿದ್ದೆ.

ಹೊತ್ತು ಮುಳುಗುವಾಗ ವಾಚ್‌ಮನ್‌ಗಳು ಬಂದು ತಮ್ಮ ತಮ್ಮ ಬೆಳಕು ಒಯ್ಯುತ್ತಾರೆ. ಕೊನೆಗೆ ಉಗ್ರಪ್ಪ, ಮುಖ ಇನ್ನೂ ಗಂಟು. ಲಿಂಗಮ್ಮ ಸ್ಟೀಲ್ ಬ್ಯಾಟ್ರಿಯನ್ನು ಅವರ ಕೈಗೆ ಇಡುತ್ತಾರೆ.

"ಇದು ನಿಂದಲ್ಲೇನು?"

"ಹಿಡ್ಕೊಳ್ಳಿ ಅಣ್ಣ. ಮಬ್ಬಾದ್ರೆ ಆರ್ಸಿಬಿಡಿ, ಬೆಳಿಗ್ಗೆ ತನ್ನಿ. ಕಲ್ಲು ಮಾತ್ರ ಮುಟ್ಬೇಡಿ."

ಅವರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಲಿಂಗಮ್ಮನಿಗೆ ಈಗ ಪ್ಲಗ್ಗುಗಳದ್ದೇ ಚಿಂತೆ. ಒಂದೊಂದನ್ನೂ ಮುಟ್ಟಿ ನೋಡಿ ಬೀಗ ಹಾಕುತ್ತಾರೆ. ನಾನು ಜೊತೆಗೆ ಹೆಜ್ಜೆ ಹಾಕುತ್ತೇನೆ. ತೋಪಿನ ಪಕ್ಕ ಕತ್ತಲು ಆಗಲೇ ಇಳಿದಿದೆ, ಲಿಂಗಮ್ಮ ಪಾದದಿಂದ ತಡವಿ ತಡವಿ ನಡೆಯುತ್ತಿದ್ದಾರೆ.

ಆಗ ಹಿಂದಿನಿಂದ ಒಂದು ದುಂಡನೆಯ ಬೆಳಕು ಬಂದು ಅವರ ಕಾಲ ಮುಂದೆ ಬೀಳುತ್ತದೆ. ತಿರುಗಿ ನೋಡಿದರೆ, ಅರ್ಧ ಕಟ್ಟಿದ ಮನೆಯ ಎರಡನೇ ಮಹಡಿಯ ಅಂಚಿನಲ್ಲಿ ಉಗ್ರಪ್ಪ ನಿಂತಿದ್ದಾರೆ. ನಾವು ಹೆಜ್ಜೆ ಇಟ್ಟಂತೆ ಬೆಳಕೂ ಮುಂದೆ ಸರಿಯುತ್ತದೆ. ಗುಂಡಿ ಬಂದಲ್ಲಿ ಸ್ವಲ್ಪ ನಿಂತು ತೋರಿಸುತ್ತದೆ.

"ಅಣ್ಣೋ, ಆರ್ಸಿ! ರಾತ್ರಿಗೆ ಬೇಕಾಗುತ್ತೆ!" ಲಿಂಗಮ್ಮ ಕೂಗುತ್ತಾರೆ.

ಬೆಳಕು ಆರುವುದಿಲ್ಲ. "ಹೇಳಿದ್ದು ಒಂದೂ ಕೇಳಲ್ಲ ಸಾರ್ ಈ ಮನುಷ್ಯ" ಎಂದು ಬೈಯುತ್ತಲೇ ಅವರು ಈಗ ಸರಾಗವಾಗಿ ನಡೆಯುತ್ತಾರೆ. ತೋಪಿನ ತಿರುವಿನಲ್ಲಿ ನಿಂತು, ಕಾಲ ಬಳಿ ಬಿದ್ದ ಬೆಳಕನ್ನು ಒಂದು ಗಳಿಗೆ ನೋಡುತ್ತಾರೆ.

"ಎಷ್ಟು ಚೆನ್ನಾಗಿ ಬೀಳ್ತಾ ಇದೆ ಅಲ್ವಾ? ಮಧ್ಯಾಹ್ನ ನಾನೇ ಚಾರ್ಜ್ ಮಾಡಿದ್ದು."