ಒಣದ್ರಾಕ್ಷಿಯ ಸುತ್ತ ಒಂದು ನೊಣ

ಮೊನ್ನೆ ಸ್ಟೇಷನ್ ರಸ್ತೆಯ ಅಂಗಡಿಯವರು ಒಣದ್ರಾಕ್ಷಿ ಡಬ್ಬಿಯ ಮುಚ್ಚಳ ತೆಗೆದರು. ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ವಿಜ್ಞಾನದ ಅಕ್ಕೋರು ನೆನಪಾದರು...

ಟಿಕೋಟಾದಿಂದ ಬಸ್ಸಿನಲ್ಲಿ ನಮ್ಮೂರ ಶಾಲೆಗೆ ಕಲಿಸಲು ಬರುತ್ತಿದ್ದರು. ಅವರ ಮನೆಯವರದೊಂದು ದ್ರಾಕ್ಷಿ ಒಣಗಿಸುವ ಶೆಡ್ಡಿತ್ತು. ಒಂದು ದಿನ ಬಿಳಿ ಹಾಳೆಯ ನಡುವೆ, ಬೆಲ್ಲದ ನೀರಲ್ಲಿ ಅದ್ದಿದ ಒಂದು ಒಣದ್ರಾಕ್ಷಿ ಇಟ್ಟರು. ನೊಣಕ್ಕೆ ಆಮಂತ್ರಣ ಬೇಕೇ? ಒಂದು ಒಳಗೆ ಬಂದದ್ದೇ ಕಿಟಕಿ ಮುಚ್ಚಿಸಿದರು. ಅವರು "ಈಗ!" ಎಂದಾಗಲೆಲ್ಲ ನೊಣ ಎಲ್ಲಿದೆಯೋ ಅಲ್ಲಿ ನಾವು ಪೆನ್ಸಿಲ್ಲಿನಿಂದ ಚುಕ್ಕೆ ಇಡಬೇಕು. ಗಂಟೆ ಹೊಡೆಯುವಷ್ಟರಲ್ಲಿ ದ್ರಾಕ್ಷಿಯ ಹತ್ತಿರ ಚುಕ್ಕೆಗಳು ಮುತ್ತಿಕೊಂಡಿದ್ದವು, ದೂರದಲ್ಲಿ ಅಲ್ಲೊಂದು ಇಲ್ಲೊಂದು.

"ದ್ರಾಕ್ಷಿ ಅಂದ್ರ ನ್ಯೂಕ್ಲಿಯಸ್ಸು, ನೊಣ ಅಂದ್ರ ಎಲೆಕ್ಟ್ರಾನು. ಬುಕ್ಕಿನ್ಯಾಗ ಅದು ಗಾಣದೆತ್ತಿನಂಗ ದುಂಡಗ ತಿರಗತೈತಿ ಅಂತ ಬರದಾರ. ಖರೆ ಅಂದ್ರ ಅದಕ್ಕ ಅಂಥಾ ಹಾದಿನ ಇಲ್ಲ. ಎಲ್ಲಿ ಸಿಗೋದು ಹೆಚ್ಚು, ಎಲ್ಲಿ ಕಡಿಮಿ, ಅಷ್ಟ ಹೇಳಾಕ ಬರತೈತಿ," ಎಂದರು.

ಪರೀಕ್ಷೆಯಲ್ಲಿ ಪರಮಾಣುವಿನ ಚಿತ್ರ ಕೇಳಿದ್ದರು. ಇಡೀ ತರಗತಿ ಚುಕ್ಕೆ ಇಟ್ಟು ಬಂದೆವು. ಹುರುಪಿನ ಗೆಳತಿಯೊಬ್ಬಳು ಎಲೆಕ್ಟ್ರಾನಿಗೆ ರೆಕ್ಕೆಯನ್ನೂ ಬಿಡಿಸಿದ್ದಳು! ಪೇಪರು ತಿದ್ದಿದ ಬೇರೆ ಊರಿನ ಮಾಸ್ತರರು ಆ ಪ್ರಶ್ನೆಗೆ ಎಲ್ಲರಿಗೂ ಸೊನ್ನೆ ಸುತ್ತಿದರು. ಊರ ಹಿರಿಯರು ತರಗತಿಗೇ ಬಂದರು.

"ನೊಣ ಕಾಯೋದು ಕಲಸಾಕ ಪಗಾರ ಕೊಡ್ತಾರೇನ್ರಿ ನಿಮಗ?"

ಅಕ್ಕೋರು ಬೋರ್ಡಿಗೆ ತಿರುಗಿ ದುಂಡನೆಯ ಗೆರೆಗಳನ್ನು ಎಳೆದು, "ಹಿಂಗ ಬರಕೋರಿ," ಎಂದರು. ನಿವೃತ್ತರಾಗುವತನಕ ಅದನ್ನೇ ಕಲಿಸಿದರಂತೆ. ತಾವೇ ಸುಳ್ಳೆಂದು ಹೇಳಿದ್ದನ್ನು...

ನಾನು ಮುಂದೆ ವಿಜ್ಞಾನ ಓದಲಿಲ್ಲ. ಈ ವರ್ಷ ಮಗಳ ಪಿಯುಸಿ ಪುಸ್ತಕದಲ್ಲಿ ಅದೇ ಚಿತ್ರ ಕಂಡೆ. ನಡುವೆ ದಟ್ಟ ಚುಕ್ಕೆಗಳು, ಸುತ್ತ ವಿರಳ. ಅಕ್ಕೋರದೇ ಸರಿಯಿತ್ತು! ಅವರಿಗೆ ತೋರಿಸಲೇಬೇಕೆಂದು ಪುಸ್ತಕ ಹಿಡಿದು ಟಿಕೋಟಾಕ್ಕೆ ಹೋದೆ.

"ಅಕ್ಕ ತೀರಿಕೊಂಡು ವರ್ಷಾತು ನೋಡ್ರಿ," ಎಂದರು ಅವರ ತಮ್ಮ. ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಮೊನ್ನೆ ಆ ಅಂಗಡಿಯವರು ದ್ರಾಕ್ಷಿ ತೂಗುವಾಗ ಡಬ್ಬಿಯ ಮೇಲೆ ಒಂದು ನೊಣ ಸುತ್ತತೊಡಗಿತು.

"ಈಗ!" ಎಂದುಬಿಟ್ಟೆ.

"ಏನಂದ್ರಿ ಅಕ್ಕಾರ?"

"ಏನಿಲ್ಲ ಬಿಡ್ರಿ," ಎಂದೆ. ಅವರು ಬಟ್ಟೆ ಬೀಸಿ ನೊಣವನ್ನು ಓಡಿಸಿದರು.