ಆಗದ ಬದಲಾವಣೆಗೆ ಬಂದ ಸಂದೇಶ

ಯಂತ್ರಕ್ಕೆ ಮನುಷ್ಯನ ಮನಸ್ಸಿನೊಳಗಿನದು ತಿಳಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಪ್ರೋಗ್ರಾಂ ಬರೆದೇ ಹೊಟ್ಟೆ ಹೊರೆಯುವವನು ನಾನು. ಬರೆದದ್ದನ್ನು ಬಿಟ್ಟು ಅದು ಬೇರೇನನ್ನೂ ಮಾಡುವುದಿಲ್ಲ. ಈಗಲೂ ಹಾಗೆಯೇ ನಂಬಿದ್ದೇನೆ, ಆ ಒಂದು ಶುಕ್ರವಾರವನ್ನು ಬಿಟ್ಟು.

ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಆಫೀಸು. ಕಂಪನಿಯ ಗ್ರಾಹಕರ ದಾಖಲೆಗಳಲ್ಲಿ ಯಾರು ಏನು ಬದಲಿಸಿದರೂ ತಕ್ಷಣ ಮೊಬೈಲಿಗೆ ಸಂದೇಶ ಬರುವಂತೆ ವೆಬ್‌ಹುಕ್ ಎಂಬ ಏರ್ಪಾಡು ಜೋಡಿಸುವುದು ನಮ್ಮ ಕೆಲಸವಾಗಿತ್ತು. ಮೊದಲು ಏನಿತ್ತು, ಈಗ ಏನಾಗಿದೆ, ಬದಲಿಸಿದವರು ಯಾರು, ಎಲ್ಲವೂ ಅದರಲ್ಲಿ ಇರುತ್ತಿತ್ತು. ನಾವು ಎಂದರೆ ಮೈಸೂರಿನವನಾದ ನಾನು ಮತ್ತು ಉಡುಪಿಯ ರಕ್ಷಿತ್. ಪರೀಕ್ಷೆಗೆಂದು ಇಬ್ಬರೂ ನಮ್ಮ ನಮ್ಮ ಹೆಸರಿನಲ್ಲೇ ಒಂದೊಂದು ಸುಳ್ಳು ಗ್ರಾಹಕನನ್ನು ಸೃಷ್ಟಿಸಿಕೊಂಡಿದ್ದೆವು. ಈ ಕಸುಬಿನವರು ಮಾಡುವುದೇ ಹಾಗೆ.

ರಕ್ಷಿತ್‌ನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನನಗಿಂತ ತಡವಾಗಿ ಸೇರಿದವನು, ಆದರೆ ಎಲ್ಲರ ಬಾಯಲ್ಲೂ ಅವನದೇ ಹೆಸರು. ಅವನು ಕೆಮ್ಮಿದರೂ ಮ್ಯಾನೇಜರಿಗೆ ಅದರಲ್ಲೊಂದು ಐಡಿಯಾ ಕಾಣುತ್ತಿತ್ತು. ದುಬೈಯಲ್ಲಿ ತೆರೆಯಲಿದ್ದ ಹೊಸ ಆಫೀಸಿಗೆ ನಮ್ಮಿಬ್ಬರಲ್ಲಿ ಒಬ್ಬನನ್ನು ಮುಖ್ಯಸ್ಥನನ್ನಾಗಿ ಕಳಿಸುವುದಿತ್ತು. ಸೋಮವಾರ ಹೆಸರು ಹೇಳುವವರಿದ್ದರು. ನನಗೆ ಆ ಹುದ್ದೆ ಬೇಕೇ ಬೇಕಿತ್ತು. ಸಾಲದ್ದಕ್ಕೆ ನನ್ನ ಹೆಂಡತಿಯೂ, "ರಕ್ಷಿತ್ ಎಷ್ಟು ಚೆನ್ನಾಗಿ ಮಾತಾಡ್ತಾರಲ್ವಾ?" ಎನ್ನುತ್ತಿದ್ದಳು. ಆ ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ, ಥತ್, ಇವನ ಹೆಸರಿರುವ ಕಡೆಯಲ್ಲೆಲ್ಲ ನನ್ನ ಹೆಸರಿರಬಾರದಿತ್ತೇ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ಇಲ್ಲಿ ಅರ್ಧ ದಿನವಷ್ಟೇ ಕೆಲಸ, ಮಧ್ಯಾಹ್ನಕ್ಕೇ ಆಫೀಸು ಖಾಲಿಯಾಗುತ್ತದೆ. ನಾವಿಬ್ಬರೇ ಉಳಿದು ಊಟಕ್ಕೆ ಕುಳಿತೆವು. ರಕ್ಷಿತ್‌ನ ಹೆಂಡತಿ ಊರಿನಲ್ಲಿ ಟೀಚರು. ಇಲ್ಲಿ ಅವನದು ಬ್ಯಾಚುಲರ್ ರೂಮಿನಲ್ಲಿ ಒಂದು ಬೆಡ್‌ಸ್ಪೇಸ್, ಅಂದರೆ ಬಾಡಿಗೆಗೆ ಒಂದು ಮಂಚದ ಜಾಗ. ಹಾಗಾಗಿ ನನ್ನ ಮನೆಯ ಬಿಸಿಬೇಳೆಬಾತಿನಲ್ಲಿ ಅವನಿಗೂ ಪಾಲು. ಲ್ಯಾಪ್‌ಟಾಪುಗಳು ಮುಚ್ಚಿದ್ದವು. ಆಗ ಇಬ್ಬರ ಮೊಬೈಲುಗಳೂ ಒಟ್ಟಿಗೆ ಸದ್ದು ಮಾಡಿದವು. ರಕ್ಷಿತ್ ಎಡಗೈಯಲ್ಲಿ ತನ್ನದನ್ನು ಎತ್ತಿ ಓದಿದ. ಅವನ ಸುಳ್ಳು ಗ್ರಾಹಕನ ಹೆಸರು ಬದಲಾಗಿತ್ತು. ಮೊದಲು: ರಕ್ಷಿತ್. ಈಗ: ನನ್ನ ಹೆಸರು. ಬದಲಿಸಿದವರು: ನಾನೇ.

"ಎಂತ ಮಾರಾಯ, ನನ್ನ ಹೆಸರು ಸಹ ಬೇಕಾ ನಿಂಗೆ?" ಎಂದು ಅವನು ನಕ್ಕ.

"ನಾನು ಮುಟ್ಟೇ ಇಲ್ಲ ಕಣೋ! ಕೈ ನೋಡು," ಎಂದು ಅನ್ನ ಮೆತ್ತಿದ್ದ ಬಲಗೈಯನ್ನು ಎತ್ತಿ ತೋರಿಸಿದೆ.

ಕೈ ತೊಳೆದು ಬಂದು ಲ್ಯಾಪ್‌ಟಾಪು ತೆರೆದು ಮೂಲ ದಾಖಲೆಯನ್ನೇ ತರಿಸಿ ನೋಡಿದೆವು. ರಕ್ಷಿತ್ ಎಂದೇ ಇತ್ತು. ಅದನ್ನು ಯಾರೂ ತಿದ್ದಿದ ಗುರುತಿರಲಿಲ್ಲ. ಬಸ್ಸಿನಲ್ಲಿ ಅಂದುಕೊಂಡದ್ದು ನನಗೆ ನೆನಪಾಯಿತು. ಈ ಸಂದೇಶವನ್ನು ಮ್ಯಾನೇಜರಿಗೆ ತೋರಿಸಿದರೆ ಸಾಕು, ದುಬೈ ನನ್ನ ಪಾಲಿಗೆ ಖಲಾಸ್. "ಯಾರಿಗೂ ಹೇಳ್ಬೇಡ್ವೋ" ಎಂದು ಬೇಡಿಕೊಂಡೆ.

ರಕ್ಷಿತ್‌ನ ನಗು ನಿಂತಿತ್ತು. ಮೊಬೈಲಿನಲ್ಲಿ ಹುಡುಕಿ ಹಳೆಯ ಸಂದೇಶವೊಂದನ್ನು ನನ್ನ ಮುಂದೆ ಹಿಡಿದ. ಅದರಲ್ಲಿ ನನ್ನ ಸುಳ್ಳು ಗ್ರಾಹಕನ ಹೆಸರು ಹೋಗಿ ರಕ್ಷಿತ್ ಎಂದಾಗಿತ್ತು. ಬದಲಿಸಿದವರು: ರಕ್ಷಿತ್.

"ನೀನು ರಜೆಯಲ್ಲಿ ಊರಿಗೆ ಹೋಗಿದ್ದೆಯಲ್ಲ, ಆಗ ಬಂದದ್ದು. ರಜೆ ಅಂತ ನಿನ್ನ ಮೊಬೈಲಿಗೆ ಸಂದೇಶ ಬರುವುದನ್ನು ನೀನೇ ನಿಲ್ಲಿಸಿದ್ದೆ. ನಾನು ಸಹ ಮುಟ್ಟಿರಲಿಲ್ಲ ಮಾರಾಯ," ಎಂದ. "ನೀನು ಅತ್ತಿಗೆ, ಮಗು ಜೊತೆ ಇರುವ ಫೋಟೋ ಹಾಕಿದ್ದೆ. ನಾನು ಬೆಡ್‌ನಲ್ಲಿ ಬಿದ್ಕೊಂಡು ಅದನ್ನೇ ನೋಡ್ತಾ ಇದ್ದೆ." ಅಷ್ಟು ಹೇಳಿ ಅವನು ಮೊಬೈಲನ್ನು ಜೇಬಿಗಿಟ್ಟ.

ಸೋಮವಾರ ಅವನ ಹೆಸರೇ ಬಂತು. ಅವನು ದುಬೈಗೆ ಹೋದ ಮೇಲೆ ನಾನು ಆ ಕೋಡನ್ನು ಸಾಲು ಸಾಲಾಗಿ ಓದಿದೆ. ಎಲ್ಲೂ ತಪ್ಪು ಸಿಗಲಿಲ್ಲ. ಅಂಥ ಸಂದೇಶ ಮತ್ತೆಂದೂ ಬಂದಿಲ್ಲ. ಅದು ಏನಾಗಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ, ನಿಮಗೆ ಗೊತ್ತಾದರೆ ಹೇಳಿ. ಹೊಗಳಿಕೆ ಅವನಿಗೆ, ಹುದ್ದೆ ಅವನಿಗೆ; ಹೊಟ್ಟೆಕಿಚ್ಚೊಂದಾದರೂ ನನ್ನದು ಎಂದುಕೊಂಡಿದ್ದೆ. ಅದರಲ್ಲೂ ಅವನೇ ಮೊದಲಿಗನಾಗಿದ್ದ.