ಮುಂದಕ್ಕೆ ಸರಿದ ಸೀಟು

ಪಿಕಪ್ ಗಾಡಿ ಇಟ್ಟುಕೊಂಡವನಿಗೆ ನೆಂಟರಿಗೇನೂ ಬರವಿಲ್ಲ. ಬೀರು ಸಾಗಿಸಬೇಕಾದವರು, ಬಾಡಿಗೆ ಮನೆ ಬದಲಾಯಿಸುವವರು, ಕೆಟ್ಟ ಫ್ರಿಜ್ಜನ್ನು ರಿಪೇರಿಗೆ ಒಯ್ಯಬೇಕಾದವರು, ಎಲ್ಲರಿಗೂ ಆವತ್ತೇ ಹಳೇ ಸಂಬಂಧ ನೆನಪಾಗುತ್ತದೆ. "ಗಾಡಿ ಹೇಗೂ ಖಾಲಿ ನಿಂತಿದೆಯಲ್ಲ, ಒಂದೇ ಒಂದು ಟ್ರಿಪ್" ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಎದುರಿಗೆ ಸಿಕ್ಕರೂ ಗುರುತೇ ಸಿಗದವರಂತೆ ಹೋಗುತ್ತಾರೆ. ಸೋಫಾ ರಿಪೇರಿ ಮಾಡುವ ಸಿಐಡಿಗೆ ಇದೆಲ್ಲ ಅರೆದು ಕುಡಿದಷ್ಟು ಗೊತ್ತಿತ್ತು. ಅದಕ್ಕೇ ಯಾರಾದರೂ ಹಲ್ಲು ಕಿರಿಯುತ್ತ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಅವನ ಕೈ ತಾನಾಗಿಯೇ ಜೇಬಿನ ಕೀಯನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು.

ಸಿಐಡಿ ಎಂದು ಹೆಸರಿಟ್ಟವಳು ಅವನ ಹೆಂಡತಿಯೇ. ಹಾಲಿನ ಪಾತ್ರೆಯ ಮುಚ್ಚಳ ಒಂಚೂರು ಓರೆಯಾಗಿದ್ದರೆ ಮನೆಮಂದಿಯನ್ನೆಲ್ಲ ನಿಲ್ಲಿಸಿ ವಿಚಾರಣೆ ಮಾಡುವ ಗಂಡನಿಗೆ ಪಾಪ, ಆಕೆ ಇನ್ನೇನು ಹೆಸರಿಟ್ಟಾಳು! ಹೆಸರು ಅಡುಗೆಮನೆಯಿಂದ ಬೀದಿಗೆ ಬಂತು, ಬೀದಿಯಿಂದ ಅಂಗಡಿಗೆ ಬಂತು. ಅವನು ಮೇಲೆ ಮೇಲೆ ಸಿಡುಕಿದರೂ ಒಳಗೊಳಗೆ ಅದೊಂದು ಹೆಮ್ಮೆಯೇ ಆಗಿತ್ತು.

ಗಾಡಿ ಅವನೊಬ್ಬನದಲ್ಲ. ಅವನೂ ಅವನ ಷಡ್ಡಕನೂ ಸೇರಿ ಕೊಂಡದ್ದು. ಹೆಂಡತಿಯ ತಂಗಿಯ ಗಂಡನಾದ ಈ ಷಡ್ಡಕ ಊರಂಚಿನಲ್ಲಿ ಸಸಿಗಳ ನರ್ಸರಿ ಇಟ್ಟಿದ್ದ. ಬೆಳಗಿನ ಹೊತ್ತು ಗಾಡಿ ಅವನದು: ಕುಂಡ, ಮಣ್ಣು, ಸಸಿ ತುಂಬಿಕೊಂಡು ಮನೆಮನೆಗೆ ಕೊಟ್ಟು ಬರುತ್ತಿದ್ದ. ಮಧ್ಯಾಹ್ನ ಅದನ್ನು ಸೋಫಾ ಅಂಗಡಿಯ ಮುಂದೆ ನಿಲ್ಲಿಸಿ, ಒಳಗೆ ಬಂದು ಒಂದು ಟೀ ಕುಡಿದು, ಬಸ್ಸು ಹತ್ತಿ ಹೋಗುತ್ತಿದ್ದ. ಆಮೇಲೆ ಸಂಜೆಯವರೆಗೆ ಸಿಐಡಿಯ ಪಾಳಿ; ಕತ್ತಲಾಗುವಾಗ ಗಾಡಿಯನ್ನು ನರ್ಸರಿಯ ಮುಂದೆ ಬಿಟ್ಟು ಬರುತ್ತಿದ್ದ. ಇಬ್ಬರ ಬಳಿಯೂ ಒಂದೊಂದು ಕೀ. ಷಡ್ಡಕರು ಒಂದೇ ಗಾಡಿಯಲ್ಲಿ ಇಷ್ಟು ವರ್ಷ ಜಗಳವಿಲ್ಲದೆ ಬಾಳಿದ್ದು ನೋಡಿ ಜನ ಮೂಗಿನ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದರು.

ಆ ಮಧ್ಯಾಹ್ನ ಸಿಐಡಿ ಗಾಡಿ ಹತ್ತಿದವನೇ "ಅಯ್ಯಯ್ಯೋ" ಎಂದ. ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದಿತ್ತು. ಡ್ರೈವರ್ ಸೀಟು ಮುಂದಕ್ಕೆ ಸರಿದಿತ್ತು. ಇದೆಂಥಾ ವಿಚಿತ್ರ! ಅವನೂ ಷಡ್ಡಕನೂ ಇಬ್ಬರೂ ಉದ್ದ ಕಾಲಿನವರು. ಗಾಡಿ ಕೊಂಡ ದಿನ ಹಿಂದಕ್ಕೆ ತಳ್ಳಿದ ಸೀಟನ್ನು ಇವತ್ತಿನವರೆಗೂ ಯಾರೂ ಮುಟ್ಟಿರಲಿಲ್ಲ. ಅವನು ಸೀಟನ್ನು ಹಿಂದಕ್ಕೆ ತಳ್ಳಿ, ಅದರಡಿಯ ಹಳಿಯ ಮೇಲೆ ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. ಮರುದಿನ ಸೀಟು ಗೆರೆ ದಾಟಿ ಮತ್ತೆ ಮುಂದಿತ್ತು. ವಾರ ಕಳೆಯುವಷ್ಟರಲ್ಲಿ ಇನ್ನೂ ಮುಂದೆ ಹೋಗಿತ್ತು.

"ಯಾರೋ ಕುಳ್ಳರು ಓಡಿಸ್ತಿದ್ದಾರೆ" ಎಂದು ತೀರ್ಮಾನಿಸಿಬಿಟ್ಟ.

ಸುಮ್ಮನೆ ತೀರ್ಮಾನಿಸಿದ್ದಲ್ಲ. ಅವನ ಕಸುಬೇ ಹಾಗೆ. ರಿಪೇರಿಗೆ ಬಂದ ಸೋಫಾದ ಸ್ಪಂಜು ಒತ್ತಿ ನೋಡಿ, ಈ ಮೂಲೆಯಲ್ಲಿ ದಪ್ಪಗಿನವರು ಕೂರುತ್ತಾರೆ, ಆ ಮೂಲೆಯಲ್ಲಿ ಯಾರೋ ಕಾಲು ಮಡಚಿಕೊಂಡು ಮಲಗುತ್ತಾರೆ ಎಂದು ಹೇಳುತ್ತಿದ್ದ. ಗಿರಾಕಿಗಳು ಬೆರಗಾಗುತ್ತಿದ್ದರು. ಮನುಷ್ಯರ ಬಾಯನ್ನು ನಂಬದಿದ್ದರೂ ಸ್ಪಂಜನ್ನು ಅವನು ಕಣ್ಣುಮುಚ್ಚಿ ನಂಬುತ್ತಿದ್ದ. ಗಾಡಿಯ ಸೀಟುಗಳಿಗೆ ಸ್ಪಂಜು ತುಂಬಿ ಹೊಲಿದವನೂ ಅವನೇ. ಈಗ ಒತ್ತಿ ನೋಡುತ್ತಾನೆ, ಡ್ರೈವರ್ ಸೀಟಿನ ತುದಿ ಮಾತ್ರ ಕುಸಿದಿದೆ. ಬೆನ್ನಿನ ಕಡೆ ಯಾರೂ ಒರಗಿದ ಗುರುತೇ ಇಲ್ಲ. ಪಕ್ಕದ ಸೀಟಿನಲ್ಲಿ, ಯಾವಾಗಲೂ ಖಾಲಿ ಚೀಲ ಬಿದ್ದಿರುತ್ತಿದ್ದ ಕಡೆ, ಹದವಾದ ಒಂದು ತಗ್ಗು. ಆ ತಗ್ಗಿನ ಹೊಲಿಗೆಯ ಸಂದಿಯಲ್ಲಿ ಬೆರಳಿಗೆ ಏನೋ ಚುಚ್ಚಿತು. ಎಳೆದು ನೋಡಿದರೆ, ಹೇರ್‌ಪಿನ್ನು!

ಅವನಿಗೆ ಮೈಯೆಲ್ಲ ಉರಿದುಹೋಯಿತು. ಓಹೋ, ಸಮಾಚಾರ ಹೀಗೋ! ಈ ಆಸಾಮಿ ಯಾವಳನ್ನೋ ಹತ್ತಿಸಿಕೊಂಡು ತಿರುಗುತ್ತಿದ್ದಾನೆ. ಅಷ್ಟೇ ಅಲ್ಲ, ಅವಳ ಕೈಗೆ ಸ್ಟೇರಿಂಗ್ ಬೇರೆ ಕೊಟ್ಟು ಪಾಠ ಹೇಳಿಕೊಡುತ್ತಿದ್ದಾನೆ. ಎಡಗಡೆ ಬಾಗಿಲ ಮೇಲೆ ಹೊಸದಾಗಿ ಬಿದ್ದ ಉದ್ದನೆಯ ಗೀರಿನ ಅರ್ಥ ಈಗಾಯಿತು. ಕಲಿಯುವವಳ ಕೈಚಳಕ ಅದು. ಮೊದಲೆಲ್ಲ ನೂಲು ಹಿಡಿದಂತೆ ನೇರ ನಿಲ್ಲುತ್ತಿದ್ದ ಗಾಡಿ ಈಗೀಗ ಅಂಗಡಿಯ ಮುಂದೆ ಓರೆಯಾಗಿ, ಅರ್ಧ ರಸ್ತೆಯಲ್ಲಿ ನಿಲ್ಲುವುದಕ್ಕೂ ಅದೇ ಕಾರಣ. ಷಡ್ಡಕ ಈಗ ಟೀಗೂ ಒಳಗೆ ಬರುತ್ತಿರಲಿಲ್ಲ. ಬಾಗಿಲಲ್ಲೇ "ಹೊರಟೆ ಅಣ್ಣ" ಎಂದು ಕೂಗಿ ಜಾರಿಕೊಳ್ಳುತ್ತಿದ್ದ.

ಒಂದು ದಿನ ಸಿಐಡಿ ಅವನನ್ನು ಮೆಟ್ಟಿಲ ಬಳಿಯೇ ತಡೆದ.

"ಏನಪ್ಪಾ, ಗಾಡಿ ಬೇರೆ ಯಾರಾದ್ರೂ ಓಡಿಸ್ತಾರಾ?"

"ಬೇರೆ ಯಾರು ಓಡಿಸ್ತಾರೆ ಅಣ್ಣ? ನಾನೇ."

"ಸೀಟು ಯಾಕೆ ಮುಂದೆ ಬಂದಿದೆ?"

"ಅದಾ... ಬೆನ್ನು ನೋವು. ಹತ್ರ ಕೂತ್ರೆ ಹಾಯಾಗಿರುತ್ತೆ."

ಮಾತೇನೋ ಸಲೀಸಾಗಿ ಬಂತು. ಆದರೆ ಷಡ್ಡಕ ಅವನ ಮುಖ ನೋಡಲಿಲ್ಲ. ಭುಜದಾಚೆ ಗೋಡೆಯನ್ನು ನೋಡುತ್ತ ಉತ್ತರ ಕೊಟ್ಟ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದವನು ಕಳ್ಳನಲ್ಲದೆ ಇನ್ನಾರು? ಸಿಐಡಿ ಮನಸ್ಸಿನಲ್ಲೇ ಕೇಸು ಮುಗಿಸಿದ.

ಮನೆಯಲ್ಲಿ ಹೆಂಡತಿಯ ಮುಂದೆ ಹೇರ್‌ಪಿನ್ನು ಇಟ್ಟ. ಬಟ್ಟೆ ಮಡಚುತ್ತಿದ್ದ ಆಕೆ ಒಮ್ಮೆ ಅದನ್ನೂ ಒಮ್ಮೆ ಗಂಡನನ್ನೂ ನೋಡಿದಳು.

"ಒಂದು ಪಿನ್ನು ಸಿಕ್ತು ಅಂತ ನನ್ನ ತಂಗಿ ಸಂಸಾರಕ್ಕೆ ಬೆಂಕಿ ಹಚ್ಚಬೇಡ್ರೀ. ನಿಮಗೊಂದು ಅನುಮಾನದ ಹುಚ್ಚು."

"ನಿನ್ನ ತಂಗಿ ಬೆಳಿಗ್ಗೆ ಹೊತ್ತು ಏನ್ಮಾಡ್ತಾಳೆ? ಕೇಳಿದ್ದೀಯಾ?"

"ಈಗೀಗ ಫೋನೇ ಎತ್ತಲ್ಲ. ಕೇಳಿದ್ರೆ ವಾಕಿಂಗ್ ಹೋಗಿದ್ದೆ ಅಂತಾಳೆ."

"ನೋಡು ಮತ್ತೆ! ಅವಳು ಪಾಪ ಆರೋಗ್ಯಕ್ಕೆ ಅಂತ ನಡೀತಾಳೆ. ಅವಳು ಹೊರಗೆ ಹೋಗೋದನ್ನೇ ಕಾದು ಈ ಮಹಾಶಯ ಇನ್ನೊಬ್ಬಳನ್ನ ಗಾಡಿಗೆ ಹತ್ತಿಸ್ಕೋತಾನೆ."

ಹೆಂಡತಿ ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚತೊಡಗಿದಳು. ಅವಳ ತಲೆಗೂ ಅನುಮಾನದ ಹುಳ ಬಿಟ್ಟೆನಲ್ಲ ಎಂದು ಸಿಐಡಿಗೆ ಒಂದು ಕ್ಷಣ ಕೆಡುಕೆನಿಸಿತು. ಆದರೆ ಹಿಂದೆ ಸರಿಯುವ ಜಾಯಮಾನ ಅವನದಲ್ಲ. ಅವನು ಗಟ್ಟಿ ಮಾಡಿಕೊಂಡ: ಇದು ನಿಜವಾದರೆ ಗಾಡಿ ಮಾರಿಬಿಡುವುದು, ಷಡ್ಡಕನನ್ನು ಹೊಸ್ತಿಲೊಳಗೆ ಸೇರಿಸದಿರುವುದು. ಅಕ್ಕತಂಗಿಯರು ಹೋಗಿ ಬರುವುದೂ ಆಮೇಲೆ ನಿಂತೇ ಹೋಗುತ್ತದೆ. ಆಗಲಿ, ಮೋಸಗಾರನ ಜೊತೆ ಒಂದೇ ಗಾಡಿಯಲ್ಲಿ ಕೂರುವುದು ಹೇಗೆ?

ಪಕ್ಕದ ಅಂಗಡಿಯ ಬೀಗದವನ ಬಳಿ ಹೋಗಿ, ಗಾಡಿಗೆ ಹೊಸ ಬೀಗ ಹಾಕಿಕೊಡು, ಷಡ್ಡಕನ ಕೀ ಕೆಲಸ ಮಾಡಬಾರದು ಎಂದ. ಬೀಗದವನು ಕೀ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟು ಇವನನ್ನೇ ದಿಟ್ಟಿಸಿದ.

"ಸ್ವಾಮಿ, ಬೀಗ ಇವತ್ತಲ್ಲ ನಾಳೆ ಹಾಕಬಹುದು. ಒಂದ್ಸಲ ಕಣ್ಣಾರೆ ನೋಡ್ಕೊಂಡು ಬನ್ನಿ. ತಗೊಳ್ಳಿ ನನ್ನ ಸ್ಕೂಟರು. ಹೆಲ್ಮೆಟ್ ಹಾಕ್ಕೊಂಡ್ರೆ ನಿಮ್ಮನ್ನ ಹೆತ್ತಮ್ಮನೂ ಗುರುತು ಹಿಡಿಯಲ್ಲ."

ಮರುದಿನ ಬೆಳಿಗ್ಗೆ ಸಿಐಡಿ ನರ್ಸರಿಯ ಎದುರಿನ ಗೋಡೆಯ ಮರೆಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾದ. ಹೆಲ್ಮೆಟ್ಟಿನೊಳಗೆ ಬೆವರು ಇಳಿಯುತ್ತಿತ್ತು. ಷಡ್ಡಕ ಗಾಡಿಗೆ ಕುಂಡಗಳನ್ನು ಏರಿಸಿದ. ಒಂದೊಂದನ್ನೂ ತಡವಿ ತಡವಿ ಜೋಡಿಸಿದ. ಎಂಥಾ ನಾಜೂಕು ನೋಡು ಎಂದು ಸಿಐಡಿ ಹಲ್ಲು ಕಡಿದ. ಆಮೇಲೆ ನರ್ಸರಿಯ ಒಳಗಿಂದ ಒಬ್ಬ ಹೆಂಗಸು ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಬಂದು ಪಕ್ಕದ ಸೀಟಿಗೆ ಹತ್ತಿದಳು. ಸಿಐಡಿ ಸ್ಕೂಟರಿನ ಕೀ ತಿರುಗಿಸಿದ. ಸಿಕ್ಕಿಬಿದ್ದ!

ಆದರೆ ಸ್ಟೇರಿಂಗ್ ಹಿಡಿದದ್ದು ಷಡ್ಡಕನೇ. ಗಾಡಿ ಆಮೆಯ ಹಾಗೆ ಹೊರಟಿತು. ಸಿಐಡಿ ಹಿಂಬಾಲಿಸಿದ. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಎಡಗಡೆಯ ಕಿಟಕಿಯ ಹಿಂದೆ ಬಂದು ನಿಂತ. ಕಿಟಕಿ ತೆರೆದಿತ್ತು. ಒಳಗಿನಿಂದ ಒಂದು ದನಿ ಬಂತು.

"ಕೆಂಪು ಇದೆ, ಇರಿ... ಇರಿ... ಹಸಿರು ಬಂತು. ನಿಧಾನ. ಮುಂದೆ ಬಸ್ಸು. ಎಡಕ್ಕೆ ಬರಬೇಡಿ, ಅಲ್ಲಿ ಯಾರೋ ನಡೀತಿದ್ದಾರೆ."

ಅದು ಅವನ ನಾದಿನಿಯ ದನಿ. ಹೆಂಡತಿಯ ತಂಗಿಯ ದನಿ.

ಸಿಐಡಿ ಸ್ವಲ್ಪ ಮುಂದೆ ಬಂದು ಕಿಟಕಿಯಿಂದ ಒಳಗೆ ಇಣುಕಿದ. ಷಡ್ಡಕ ಸೀಟಿನ ತುದಿಯಲ್ಲಿ ಕೂತಿದ್ದ. ಎದೆ ಸ್ಟೇರಿಂಗಿಗೆ ತಾಗಿತ್ತು, ಮೂಗು ಗಾಜಿಗೆ ತಾಗುವಷ್ಟು ಹತ್ತಿರವಿತ್ತು. ಕಣ್ಣು ಕಿರಿದು ಮಾಡಿ, ಮಂಜಿನಲ್ಲಿ ದಾರಿ ಹುಡುಕುವವನ ಹಾಗೆ ಮುಂದಕ್ಕೆ ಬಾಗಿದ್ದ. ಕುಳ್ಳರು ಯಾರೂ ಇರಲಿಲ್ಲ. ಸ್ಪಂಜು ಸುಳ್ಳು ಹೇಳಿರಲಿಲ್ಲ. ಅದನ್ನು ಓದಿದವನೇ ದಡ್ಡ.

ಅಷ್ಟರಲ್ಲಿ ಅಡ್ಡರಸ್ತೆಯಿಂದ ಸೈಕಲ್ಲೊಂದು ನುಗ್ಗಿತು. "ಬ್ರೇಕ್! ಬ್ರೇಕ್!" ನಾದಿನಿ ಕಿರುಚಿದಳು. ಗಾಡಿ ಜಗ್ಗಿ ನಿಂತಿತು. ಹಿಂದೆ ಕುಂಡಗಳು ದಡದಡ ಉರುಳಿದವು. ಸೈಕಲ್ಲಿನವಳು ಬೈದುಕೊಂಡು ಹೋದಳು. ಒಂದು ಗೇಣು, ಅಷ್ಟೇ. ಅಯ್ಯೋ ದೇವರೇ, ಏನಾಗಿಬಿಡುತ್ತಿತ್ತು! ಸಿಐಡಿಗೆ ಸಿಟ್ಟು, ಹೆದರಿಕೆ, ಸಂಕಟ ಮೂರೂ ಒಟ್ಟಿಗೆ ಬಂದವು. ಆಮೇಲೆ ಅವನು ಮಾಡಿದ ಕೆಲಸ ನೋಡಿದ್ದರೆ ಯಾರಾದರೂ ತಲೆ ಕೆಟ್ಟಿದೆ ಎನ್ನುತ್ತಿದ್ದರು: ಗಾಡಿಯನ್ನು ಹಿಂದೆ ಹಾಕಿ, ಅದರ ಮುಂದೆ ನಡುರಸ್ತೆಯಲ್ಲೇ ಸ್ಕೂಟರ್ ಓಡಿಸುತ್ತ, ಪೇಂ ಪೇಂ ಎಂದು ಹಾರ್ನ್ ಹೊಡೆಯುತ್ತ, ಎದುರಾದವರನ್ನೆಲ್ಲ ಕೈಬೀಸಿ ಸರಿಸುತ್ತ ಹೋದ. ಹಿಂದಿನ ಗಾಡಿಯವರಿಗೆ ಇದಾವ ಹುಚ್ಚ ಎನಿಸಿರಬೇಕು.

ಮನೆಗಳಿಗೆಲ್ಲ ಸಸಿ ಇಳಿಸಿಯಾದ ಮೇಲೆ, ಸೋಫಾ ಅಂಗಡಿಯ ಹಿಂದಿನ ತಿರುವಿನಲ್ಲಿ ನಾದಿನಿ ಇಳಿದಳು. ಅಲ್ಲಿಂದ ಅಂಗಡಿಗೆ ವಾಹನಗಳೇ ಇರದ ನೇರ ಓಣಿ. ಗಾಡಿ ತೆವಳುತ್ತ ಹೋಯಿತು. ಸಿಐಡಿ ಅವಳ ಬಳಿ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದ. ಅವಳ ಮುಖ ಬಿಳಿಚಿಕೊಂಡಿತು.

"ಭಾವಾ..."

"ಎಷ್ಟು ದಿನದಿಂದ ಈ ನಾಟಕ?" ದನಿ ಎತ್ತರವಾಯಿತು. "ಯಾರ ಮೇಲಾದ್ರೂ ಹತ್ತಿಸಿದ್ರೆ ಏನ್ಮಾಡ್ತಿದ್ರಿ? ಇಬ್ರಿಗೂ ಬುದ್ಧಿ ಎಲ್ಲಿಟ್ಟಿದ್ದೀರಿ?"

ಅವಳು ಸ್ಕಾರ್ಫಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಬೇಡ ಬೇಡ ಅಂತ ದಿನಾ ಹೇಳ್ತೀನಿ ಭಾವ. ಕೇಳಲ್ಲ. ಅವರ ಕಣ್ಣಿನ ನರ ಸೊರಗಿದೆಯಂತೆ. ಹೋದದ್ದು ಬರಲ್ಲ, ಇರೋದನ್ನ ಔಷಧಿಯಲ್ಲಿ ಉಳಿಸ್ಕೋಬೇಕು ಅಂದ್ರು ಡಾಕ್ಟ್ರು. ಕೀ ಕೊಟ್ಬಿಟ್ರೆ ನಾನು ಯಾತಕ್ಕೂ ಬೇಡದವನಾದೆ ಅಂತ ಗೋಡೆ ಕಡೆ ತಿರುಗಿ ಮಲಗ್ತಾರೆ. ಒಬ್ಬರನ್ನೇ ಕಳಿಸೋಕೆ ಭಯ, ಅದಕ್ಕೇ ಜೊತೆಗೆ ಹತ್ತಿದೆ. ನಿಮಗೆ ಗೊತ್ತಾಯ್ತು ಅಂತ ಮಾತ್ರ ಅವರಿಗೆ ಹೇಳಬೇಡಿ. ನೀವು ಅಯ್ಯೋ ಪಾಪ ಅಂದ್ರೆ ಅವರು ತಡ್ಕೊಳಲ್ಲ."

"ನಾಳೆಯಿಂದ ಅವನು ಗಾಡಿ ಮುಟ್ಟೋ ಹಾಗಿಲ್ಲ" ಎಂದ ಸಿಐಡಿ.

"ಹಾಗಾದ್ರೆ ಏನಂತ ಹೇಳ್ತೀರಿ?"

ಅವನು ಜೇಬಿನಿಂದ ಹೇರ್‌ಪಿನ್ನು ತೆಗೆದು ಅವಳ ಅಂಗೈ ಮೇಲಿಟ್ಟು, "ನಿಂದೇ ಇರಬೇಕು" ಎಂದಷ್ಟೇ ಹೇಳಿ, ನಾಚಿಕೆಯಿಂದ ಸ್ಕೂಟರ್ ತಿರುಗಿಸಿದ.

ಅಂಗಡಿಯ ಮುಂದೆ ಗಾಡಿ ಓರೆಯಾಗಿ ನಿಂತಿತ್ತು. ಷಡ್ಡಕ ಅದರ ಬಾಗಿಲು ಹಿಡಿದುಕೊಂಡು ನಿಂತಿದ್ದ. ಬೀಗದವನು ತನ್ನ ಅಂಗಡಿಯಿಂದಲೇ ಕತ್ತು ಚಾಚಿದ. ದಾರಿಯುದ್ದಕ್ಕೂ ಹುಡುಕಿದರೂ ಸಿಐಡಿಗೆ ಒಂದು ಒಳ್ಳೆಯ ಮಾತು ಸಿಕ್ಕಿರಲಿಲ್ಲ. ಕೊನೆಗೆ ತನಗೆ ಬರುವುದು ಒಂದೇ ವಿದ್ಯೆ ಎಂದು ಅದನ್ನೇ ತೆಗೆದ. ಸೊಂಟಕ್ಕೆ ಕೈ ಕೊಟ್ಟು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ಏನಯ್ಯಾ ಈ ಗೀರು? ಗಾಡಿನ ಏನಂದ್ಕೊಂಡಿದ್ದೀಯ? ನನಗೆ ನಿನ್ನ ಮೇಲೆ ಅನುಮಾನ. ನನ್ನ ಕಣ್ಣು ತಪ್ಪಿಸಿ ಗಾಡಿನ ಯಾರ್‍ಯಾರಿಗೋ ಕೊಡ್ತಿದ್ದೀಯ!"

"ಅಣ್ಣ, ನನ್ನ ಮೇಲೇನಾ?"

"ಹೂಂ ಕಣೋ, ನಿನ್ನ ಮೇಲೇ. ನಾನು ನಮ್ಮಪ್ಪನ್ನೂ ನಂಬಿದವನಲ್ಲ. ನಾಳೆಯಿಂದ ಬೆಳಿಗ್ಗೇನೂ ನಾನೇ ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ಯಾವ ಮನೆಗೆ ಯಾವ ಸಸಿ ಅಂತ ಹೇಳು. ಆ ಹೆಸರೆಲ್ಲ ನನ್ನ ತಲೆಗೆ ಹತ್ತಲ್ಲ."

"ನಿಮ್ಮ ಅಂಗಡಿ?"

"ಮಧ್ಯಾಹ್ನ ತೆಗೀತೀನಿ. ಗಿರಾಕಿಗಳು ಬೇಕಾದ್ರೆ ಕಾಯಲಿ."

"ಇವರ ಅನುಮಾನಕ್ಕೆ ಮದ್ದಿಲ್ಲ ಬಿಡಪ್ಪ" ಎಂದು ಬೀಗದವನು ನಕ್ಕ. ಷಡ್ಡಕ ನಗಲಿಲ್ಲ. ಸಿಐಡಿಯ ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಆಯ್ತು ಅಣ್ಣ. ನಂಬಿಕೆ ಇಲ್ಲ ಅಂದ್ಮೇಲೆ ಎರಡು ಕೀನೂ ನೀವೇ ಇಟ್ಕೊಳ್ಳಿ" ಎಂದು ಜೇಬಿನಿಂದ ತನ್ನ ಕೀ ತೆಗೆದು ಮುಂದಕ್ಕೆ ಚಾಚಿದ.

ಸಿಐಡಿ ಕೈ ಒಡ್ಡಿ ನಿಂತಿದ್ದ. ಕೀ ಬಂದದ್ದು ಅವನ ಕೈಗಲ್ಲ, ಪಕ್ಕಕ್ಕೆ, ಯಾರೂ ಇಲ್ಲದ ಕಡೆಗೆ. ಅವನು ಸದ್ದಾಗದಂತೆ ಒಂದು ಹೆಜ್ಜೆ ಸರಿದು, ತನ್ನ ಅಂಗೈಯನ್ನು ಅದರ ಕೆಳಗೆ ಹಿಡಿದ.